ಊರ ಹೊರಗಿನ ರಂಗಭೂಮಿ



ನಾಟಕವೆಂದೊಡನೆ ನಗರವಾಸಿಗಳಾದ ನಮ್ಮ ಕಣ್ಣಮುಂದೆ ನಿಲ್ಲುವುದು ಎತ್ತರವಾದ ರಂಗ, ಬಣ್ಣದ ಪರದೆ, ಟಿಕೀಟಿನ ಕಿಟಕಿ, ಸಾಲಾಗಿ ಜೋಡಿಸಿದ ಕುರ್ಚಿಗಳು. ಇವು ಯಾವುವೂ ಇಲ್ಲದೆ, ಅರಸರ ಆಶ್ರಯವಾಗಲಿ ಸಂಘಸಂಸ್ಥೆಗಳ ನೆರವಾಗಲಿ ಇಲ್ಲದೆ, ನಾಲ್ಕು ಗಳು, ಎರಡು ಕಂಬಳಿ, ಒಂದು ಬಿಳಿಯ ಬಟ್ಟೆ, ಒಂದು ದೀಪ, ಇಷ್ಟನ್ನೇ ನಂಬಿ ತಲೆಮಾರುಗಳನ್ನು ಕಳೆದ ರಂಗಭೂಮಿಯೊಂದು ನಮ್ಮ ನಾಡಿನಲ್ಲಿ ಉಂಟು. ಅದೇ ತೊಗಲುಗೊಂಬೆಯಾಟ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ಸೀಮೆಗಳನ್ನು ಮುಂದಿಟ್ಟುಕೊಂಡು ಈ ಆಟದ ಚರಿತ್ರೆಯನ್ನೂ, ಅದನ್ನು ಆಡಿಸಿದ ಜನರ ಸ್ಥಿತಿಯನ್ನೂ ಈ ಹೊತ್ತು ವಿವರಿಸಲು ಯತ್ನಿಸುತ್ತೇನೆ. ಈ ರಂಗಭೂಮಿಗೆ ಇದ್ದ ಸ್ವಾತಂತ್ರ್ಯವು ದೊಡ್ಡದು. ಆದರೆ ಅದು ಊರಿನೊಳಗೆ ಸ್ಥಳ ದೊರೆಯದೆ ಇದ್ದುದರಿಂದ ಬಂದ ಸ್ವಾತಂತ್ರ್ಯ. ನನ್ನ ಮಾತಿನ ತಿರುಳು ಇದೇ.

ಮೊದಲು ನಾಡಿನ ಪರಿಚಯವನ್ನು ಮಾಡಿಕೊಳ್ಳೋಣ. ಈ ನಾಲ್ಕು ಸೀಮೆಗಳು ತುಂಗಭದ್ರೆಯ ಉತ್ತರಕ್ಕೆ ಹಬ್ಬಿರುವ ಎರೆಮಣ್ಣಿನ ಹಾಗೂ ಕಲ್ಲುಗುಡ್ಡಗಳ ಬಯಲು. 1948ರ ಸೆಪ್ಟೆಂಬರಿನವರೆಗೆ ಇವು ಹೈದರಾಬಾದಿನ ನಿಜಾಮರ ಆಳ್ವಿಕೆಗೆ ಸೇರಿದ್ದುವು. ಅದರಲ್ಲಿಯೂ ಕೊಪ್ಪಳ, ಯಲಬುರ್ಗಾಗಳು ಸಾಲಾರ್ ಜಂಗ್ ಮನೆತನದ ಜಹಗೀರು. 1956ರಲ್ಲಿ ರಾಯಚೂರು ಜಿಲ್ಲೆಯೊಡನೆ ಮೈಸೂರು ರಾಜ್ಯಕ್ಕೆ ಬಂದು, 1997ರಲ್ಲಿ ಕೊಪ್ಪಳ ಜಿಲ್ಲೆಯೆಂಬ ಹೆಸರಿನಿಂದ ಪ್ರತ್ಯೇಕವಾದುವು. ನಿಜಾಮರ ಕಾಲದಲ್ಲಿ ಕಚೇರಿಯ ಭಾಷೆ ಉರ್ದು. ಮೇಲಿನ ತರಗತಿಗಳ ಪಾಠವೂ ಉರ್ದುವಿನಲ್ಲಿಯೇ. ಸಾರ್ವಜನಿಕ ಸಭೆಗಳಿಗೆ ಸರ್ಕಾರದ ಅಪ್ಪಣೆಯನ್ನು ಮುಂದಾಗಿ ಪಡೆಯಬೇಕೆಂಬ ಕಟ್ಟಳೆಯೂ ಜಾರಿಯಲ್ಲಿದ್ದಿತು. ಇಂಥ ಕಾಲದಲ್ಲಿ ಅಕ್ಷರವರಿಯದ ರೈತನ ಕಿವಿಗೆ ಭಾರತ ರಾಮಾಯಣಗಳ ಕಥೆಯನ್ನು ಕನ್ನಡದಲ್ಲಿ ತಲುಪಿಸಿದವರು ಯಾರು? ಭಜನೆಯವರು, ಪುರಾಣ ಹೇಳುವವರು, ಬಯಲಾಟದವರು, ಇವರೆಲ್ಲರ ಜೊತೆಗೆ ಗೊಂಬೆಯಾಡಿಸುವವರು. ಇವರಲ್ಲಿ ಕೊನೆಯವರನ್ನು ನಾವು ಮರೆತಿದ್ದೇವೆ.

ಗೊಂಬೆಯಾಡಿಸುವವರನ್ನು ಸಿಳ್ಳೇಕ್ಯಾತರೆಂದೂ ಕಿಳ್ಳೇಕ್ಯಾತರೆಂದೂ ಕರೆಯುವುದು ವಾಡಿಕೆ. ಕಟಬು ಎಂಬ ಹೆಸರೂ ಉಂಟು. ಇವರು ಮನೆಯಲ್ಲಿ ಆಡುವ ಮಾತು ಮರಾಠಿಯ ನಂಟುಳ್ಳದ್ದು. ಇದರಿಂದ ಇವರ ಹಿರಿಯರು ಮಹಾರಾಷ್ಟ್ರದ ಕಡೆಯಿಂದ ಬಂದವರಿರಬೇಕೆಂದು ಪಂಡಿತರು ಊಹಿಸಿದ್ದಾರೆ. ಒಲೆಯ ಮುಂದೆ ಒಂದು ಭಾಷೆ, ಪರದೆಯ ಹಿಂದೆ ಮತ್ತೊಂದು ಭಾಷೆ! ಉರ್ದುವಿನ ಕಚೇರಿಯ ನೆರಳಿನಲ್ಲಿ ಕನ್ನಡದ ಕಥೆಯನ್ನು ಇರುಳೆಲ್ಲ ಬೆಳಗಿದವರ ತಾಯ್ನುಡಿ ಕನ್ನಡವಾಗಿರಲಿಲ್ಲವೆಂಬುದು ಯೋಚಿಸತಕ್ಕ ಸಂಗತಿ. ವರುಷದಲ್ಲಿ ಕೆಲವು ತಿಂಗಳು ಇವರು ಊರೂರು ತಿರುಗಿ ಆಟವಾಡುವರು. ಉಳಿದ ಕಾಲದಲ್ಲಿ ಹೊಳೆ ಕೆರೆಗಳಲ್ಲಿ ಮೀನು ಹಿಡಿಯುವರು. ಹೆಂಗಸರು ಹಚ್ಚೆ ಹಾಕುವುದರಲ್ಲಿ ನಿಪುಣರೆಂಬ ಹೆಸರನ್ನು ಪಡೆದಿದ್ದರು. ಒಂದೇ ಕಸುಬಿನಿಂದ ಇವರ ಹೊಟ್ಟೆ ಎಂದೂ ತುಂಬಿದ್ದಿಲ್ಲ.

ಇನ್ನು ಗೊಂಬೆಯ ವಿಷಯ. ಆಡಿನ ತೊಗಲನ್ನು ಹದಮಾಡಿ, ಕೂದಲನ್ನು ಹೆರೆದು, ಬೆಳಕು ಹಾಯುವಷ್ಟು ತೆಳುವಾಗಿ ಮಾಡುವರು. ಅದರ ಮೇಲೆ ರೂಪವನ್ನು ಬರೆದು, ಸುತ್ತ ಕತ್ತರಿಸಿ, ಆಭರಣ ಉಡುಗೆಗಳಿರುವ ಕಡೆ ಉಳಿಯಿಂದ ಸಣ್ಣ ಸಣ್ಣ ರಂಧ್ರಗಳನ್ನು ಕೊರೆಯುವರು. ಕೆಂಪು, ಹಸುರು, ಕಪ್ಪು ಮೊದಲಾದ ಬಣ್ಣಗಳನ್ನು ಎರಡು ಪಕ್ಕಗಳಿಗೂ ಹಚ್ಚುವರು. ಹಿಂದಿನಿಂದ ದೀಪದ ಬೆಳಕು ಬಿದ್ದಾಗ ಪರದೆಯ ಮೇಲೆ ಮೂಡುವುದು ಕರಿಯ ನೆರಳಲ್ಲ. ದೇವಾಲಯದ ಬಣ್ಣದ ಚಿತ್ರವೇ ಉಸಿರಾಡತೊಡಗಿತೋ ಎನ್ನುವಂಥ ರೂಪ. ರಂಧ್ರಗಳೊಳಗಿಂದ ತೂರಿದ ಬೆಳಕು ಕಿರೀಟದಲ್ಲಿಯೂ ಹಾರದಲ್ಲಿಯೂ ರತ್ನಗಳಂತೆ ಹೊಳೆಯುವುದು. ಕರ್ನಾಟಕದ ಗೊಂಬೆಗಳಲ್ಲಿ ಒಂದು ವಿಶೇಷವುಂಟು. ಕೈಕಾಲುಗಳನ್ನು ಆಡಿಸುವ ಬಿಡಿ ಗೊಂಬೆಗಳಲ್ಲದೆ, ಒಂದೇ ತೊಗಲಿನಲ್ಲಿ ಇಡೀ ಸನ್ನಿವೇಶವನ್ನೇ ಕೆತ್ತಿದ ದೊಡ್ಡ ಫಲಕಗಳೂ ಇರುವುವು: ರಥ, ಕುದುರೆ, ಸಾರಥಿ, ವೀರ, ಎಲ್ಲವೂ ಸೇರಿ ಒಂದು ಗೊಂಬೆ. ಗಂಡಿಗೂ ಹೆಣ್ಣಿಗೂ, ದೇವರಿಗೂ ರಾಕ್ಷಸನಿಗೂ, ಅರಸನಿಗೂ ಆಳಿಗೂ ಗಾತ್ರದಲ್ಲಿ ಬಣ್ಣದಲ್ಲಿ ಭೇದವುಂಟು. ಸವೆದು ಹರಿದ ಹಳೆಯ ಗೊಂಬೆಯನ್ನು ಕಸಕ್ಕೆ ಎಸೆಯದೆ, ಸತ್ತ ಬಂಧುವಿಗೆ ಮಾಡುವಂತೆ ಹೊಳೆಯ ನೀರಿಗೆ ಬಿಟ್ಟು ಬರುವುದು ಹಲವು ಮನೆತನಗಳ ಪದ್ಧತಿ.

ಮೇಳವೆಂದರೆ ಬಹುಮಟ್ಟಿಗೆ ಒಂದು ಕುಟುಂಬ. ತಂದೆ ಗೊಂಬೆಯಾಡಿಸುವನು, ಮಗ ಮದ್ದಳೆ ನುಡಿಸುವನು, ತಾಯಿ ಹಾಡುವಳು, ಸೊಸೆ ತಾಳ ಹಿಡಿಯುವಳು. ಮಕ್ಕಳು ದೀಪದ ಹಿಂದೆ ಕುಳಿತು ನೋಡುತ್ತ ನೋಡುತ್ತ ಕಲಿಯುವರು. ಇಲ್ಲಿ ನಾವು ಗಮನಿಸಬೇಕಾದುದು ಹೆಂಗಸಿನ ಪಾತ್ರ. ನಮ್ಮ ದೊಡ್ಡಾಟದಲ್ಲಿ ದ್ರೌಪದಿಯ ವೇಷವನ್ನು ಗಂಡಸೇ ಧರಿಸುತ್ತಿದ್ದನು. ಕಂಪೆನಿ ನಾಟಕಗಳಲ್ಲಿಯೂ ಬಹುಕಾಲ ಹಾಗೆಯೇ ನಡೆಯಿತು. ಮರ್ಯಾದಸ್ಥರ ಮನೆಯ ಹೆಣ್ಣು ರಂಗವನ್ನೇರಬಹುದೇ ಎಂದು ನಗರಗಳಲ್ಲಿ ವಾದಗಳು ನಡೆದುವು. ಆ ವಾದಗಳ ಸುದ್ದಿಯೇ ತಿಳಿಯದ ಈ ಅಲೆಮಾರಿ ಹೆಂಗಸರು ಆಗಲೂ ತಮ್ಮ ದ್ರೌಪದಿಗೆ, ತಮ್ಮ ಸೀತೆಗೆ ತಾವೇ ಕಂಠವಾಗಿದ್ದರು.

ಆಟದ ಕ್ರಮವು ಹೀಗಿರುವುದು. ಕತ್ತಲಾದ ಮೇಲೆ ಗುಡಿಯ ಮುಂದಿನ ಬಯಲಿನಲ್ಲಿಯೋ ಊರ ಹೊರಗಿನ ಕಣದಲ್ಲಿಯೋ ಗಳುಗಳನ್ನು ನೆಟ್ಟು, ಮೂರು ಕಡೆ ಕಂಬಳಿ ಸುತ್ತಿ, ಮುಂದೆ ಬಿಳಿಯ ಬಟ್ಟೆಯನ್ನು ಬಿಗಿಯುವರು. ಒಳಗೆ ಹರಳೆಣ್ಣೆಯ ದೀಪ. ಈಚೆಗೆ ಅದರ ಸ್ಥಾನದಲ್ಲಿ ವಿದ್ಯುದ್ದೀಪ. ಮೊದಲು ಗಣಪತಿ, ಶಾರದೆ. ಅವರ ಹಿಂದೆಯೇ ಕಿಳ್ಳೇಕ್ಯಾತನೆಂಬ ವಿದೂಷಕನೂ, ಬಂಗಾರಕ್ಕನೆಂಬ ಅವನ ಹೆಂಡತಿಯೂ ಪ್ರವೇಶಿಸುವರು. ಕಿಳ್ಳೇಕ್ಯಾತನ ರೂಪವನ್ನು ನೋಡಿದವರು ಮರೆಯಲಾರರು: ಕರಿಯ ಮೈ, ಡೊಳ್ಳು ಹೊಟ್ಟೆ, ದಪ್ಪ ತುಟಿ, ಕೆದರಿದ ಕೂದಲು. ಗೊಂಬೆಯಾಡಿಸುವ ಜನರೆಲ್ಲರಿಗೂ ಹೆಸರು ಬಂದದ್ದು ಈ ಕುರೂಪಿಯಿಂದಲೇ. ರಾಮನನ್ನು ಆಡಿಸಿದವರಿಗೆ, ಕೃಷ್ಣನನ್ನು ಆಡಿಸಿದವರಿಗೆ ಊರು ಕೊಟ್ಟ ಹೆಸರು ರಾಮನದೂ ಅಲ್ಲ, ಕೃಷ್ಣನದೂ ಅಲ್ಲ. ಪರದೆಯ ಮೇಲಿನ ಅತ್ಯಂತ ಕೀಳಾದ ರೂಪದ್ದು.

ಆದರೆ ಈ ಕೀಳು ರೂಪಕ್ಕೆ ಒಂದು ಅಧಿಕಾರವಿದ್ದಿತು. ವಿರಾಟನ ಆಸ್ಥಾನ ನಡೆಯುತ್ತಿರುವಾಗ ಕಿಳ್ಳೇಕ್ಯಾತನು ನಡುವೆ ನುಗ್ಗಿ ಆ ಊರಿನ ಮಾತನ್ನೇ ತೆಗೆಯುವನು. ಅರಸನನ್ನು ಅಣಕಿಸುವನು, ಲೆಕ್ಕ ತಪ್ಪಿಸುವ ಅಧಿಕಾರಿಯನ್ನು, ಜಿಪುಣನಾದ ಸಾಹುಕಾರನನ್ನು ಹೆಸರೆತ್ತದೆಯೇ ಗುರುತು ಹಿಡಿಯುವಂತೆ ಹಾಸ್ಯ ಮಾಡುವನು. ಜನರು ಬಿದ್ದು ಬಿದ್ದು ನಗುವರು. ಹಾಸ್ಯಕ್ಕೆ ಗುರಿಯಾದವನೂ ನಗಲೇಬೇಕು. ಊರಿನ ರೈತನು ದೊಡ್ಡಾಟದ ಅಟ್ಟದ ಮೇಲೆ ಇಂಥ ಮಾತನಾಡಿದ್ದರೆ ಮಾರನೆಯ ದಿನ ಗೌಡನ ಚಾವಡಿಯಲ್ಲಿ ಉತ್ತರ ಹೇಳಬೇಕಾಗುತ್ತಿತ್ತು. ಗೊಂಬೆಗೆ ಆ ಭಯವಿಲ್ಲ. ಅದನ್ನು ಆಡಿಸಿದವನು ಬೆಳಗಾದರೆ ಮತ್ತೊಂದು ಊರಿಗೆ ಹೊರಟುಬಿಡುವನು. ಅವನಿಗೆ ಆ ಊರಿನಲ್ಲಿ ಹೊಲವಿಲ್ಲ, ಮನೆಯಿಲ್ಲ, ಕಳೆದುಕೊಳ್ಳಲು ಪದವಿಯಿಲ್ಲ. ಏನೂ ಇಲ್ಲದವನಿಗೆ ಮಾತಿನ ಸಲಿಗೆಯೊಂದು ಉಳಿದಿದ್ದಿತು. ಈ ರಂಗಭೂಮಿಯು ಸ್ವತಂತ್ರವಾಗಿತ್ತೆಂದು ನಾನು ಹೇಳಿದುದು ಈ ಅರ್ಥದಲ್ಲಿ.

ಇನ್ನು ಈ ಸ್ವಾತಂತ್ರ್ಯಕ್ಕೆ ತೆತ್ತ ಬೆಲೆಯನ್ನು ನೋಡೋಣ. ನಮ್ಮ ಹಳ್ಳಿಯ ರಚನೆಯನ್ನು ಬಲ್ಲವರಿಗೆ ಊರು ಬೇರೆ, ಕೇರಿ ಬೇರೆ ಎಂಬುದನ್ನು ಹೇಳಬೇಕಾಗಿಲ್ಲ. ಊರಿಗೊಂದು ಬಾವಿ, ಕೇರಿಗೊಂದು ಬಾವಿ. ಊರಿನವರಿಗೆ ಗುಡಿಯ ಒಳಗು, ಕೇರಿಯವರಿಗೆ ಗುಡಿಯ ಹೊರಗು. ಸಿಳ್ಳೇಕ್ಯಾತರು ಈ ಎರಡಕ್ಕೂ ಸೇರಿದವರಲ್ಲ. ಇವರದು ಮೂರನೆಯ ಸ್ಥಾನ: ಕೆರೆಯ ಏರಿಯ ಕೆಳಗೆ, ಹಾಳು ಗುಡಿಯ ಹಿಂದೆ, ಗುಡಾರ. ಕೇರಿಯವನಿಗೆ ಊರಿನಲ್ಲಿ ಕೀಳಾದರೂ ಒಂದು ನಿಶ್ಚಿತ ಸ್ಥಾನವಿತ್ತು; ಗುಡಾರದವನಿಗೆ ಅದೂ ಇರಲಿಲ್ಲ. ಈಗ ಕರ್ನಾಟಕದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ ಸಿಳ್ಳೇಕ್ಯಾತರ ಹೆಸರು ಸೇರಿದೆ. ಆದರೆ ಸ್ಥಿರವಾದ ವಾಸಸ್ಥಳವಿಲ್ಲದವನಿಗೆ ಪಟ್ಟಿಯ ಪ್ರಯೋಜನವನ್ನು ಪಡೆಯುವುದೂ ಸುಲಭವಲ್ಲ. ಪ್ರಮಾಣಪತ್ರವನ್ನು ಕೇಳುವ ಕಚೇರಿಯು ಮೊದಲು ಕೇಳುವುದು ಊರಿನ ಹೆಸರನ್ನು.

ಇಲ್ಲಿ ನನ್ನ ಸ್ವಂತ ಅನುಭವವೊಂದನ್ನು ಹೇಳಲು ಅಪ್ಪಣೆ ಬೇಡುತ್ತೇನೆ. ನಾನು ಹತ್ತು ವರುಷದ ಹುಡುಗನಾಗಿದ್ದಾಗ ಯಲಬುರ್ಗಾ ಸೀಮೆಯಲ್ಲಿ ನಮ್ಮ ಬಂಧುಗಳ ಊರೊಂದಕ್ಕೆ ಹೋಗಿದ್ದೆನು. ಆ ವರುಷ ಮಳೆ ಬಂದಿರಲಿಲ್ಲ. ಊರಿನವರು ಕೂಡಿ ಗೊಂಬೆಯವರನ್ನು ಕರೆಸಿ ವಿರಾಟಪರ್ವದ ಆಟವನ್ನು ಆಡಿಸಿದರು. ವಿರಾಟಪರ್ವವನ್ನು ಓದಿಸಿದರೆ, ಆಡಿಸಿದರೆ ಮಳೆ ಬರುವುದೆಂಬ ನಂಬಿಕೆ ಕನ್ನಡನಾಡಿನಲ್ಲೆಲ್ಲ ಉಂಟಷ್ಟೆ. ಕೀಚಕನು ತುಂಬಿದ ಸಭೆಯಲ್ಲಿ ದ್ರೌಪದಿಯನ್ನು ಒದೆಯುವ ಪ್ರಸಂಗ ಬಂದಿತು. ಪರದೆಯ ಹಿಂದಿನಿಂದ ಒಬ್ಬ ಹೆಂಗಸು ಹಾಡಿದಳು. ನನ್ನ ಅಜ್ಜಿ ಸೆರಗಿನಿಂದ ಕಣ್ಣೊರಸಿಕೊಳ್ಳುತ್ತಿದ್ದುದನ್ನು ಕಂಡೆ. ಮರುದಿನ ಬೆಳಿಗ್ಗೆ ಆ ಹೆಂಗಸೇ ನಮ್ಮ ಬಾಗಿಲಿಗೆ ಧಾನ್ಯ ಕೇಳಲು ಬಂದಳು, ಬಾಯಾರಿಕೆಯೆಂದಳು. ಅಜ್ಜಿ ಧಾನ್ಯವನ್ನು ಧಾರಾಳವಾಗಿ ಕೊಟ್ಟಳು. ಆದರೆ ನೀರನ್ನು ಜಗಲಿಯ ಮೇಲಿಂದ, ಚೆಂಬು ತಾಗದಂತೆ ಎತ್ತರಿಸಿ, ಅವಳ ಬೊಗಸೆಗೆ ಸುರಿದಳು. ಅರ್ಧ ನೀರು ನೆಲಕ್ಕೆ ಹೋಯಿತು. ಮಳೆಯಿಲ್ಲದ ವರುಷ ಅದು. ಅಜ್ಜಿ ಕರುಣೆಯಿಲ್ಲದವಳಾಗಿರಲಿಲ್ಲ, ಹಿಂದಿನ ರಾತ್ರಿಯ ಕಣ್ಣೀರು ಸುಳ್ಳೂ ಅಲ್ಲ. ನಾನು ನೋಡುತ್ತ ನಿಂತಿದ್ದೆನು. ವಿಚಿತ್ರವೆಂದು ನನಗೂ ಅನ್ನಿಸಲಿಲ್ಲ. ವಿಚಿತ್ರವೆಂದು ಅನ್ನಿಸಿದ್ದು ಬಹಳ ವರುಷಗಳಾದ ಮೇಲೆ, ತರಗತಿಯಲ್ಲಿ ಇಂಗ್ಲಿಷ್ ನಾಟಕದ ಚರಿತ್ರೆಯನ್ನು ಪಾಠ ಹೇಳುತ್ತಿದ್ದಾಗ.

ಇಂಗ್ಲೆಂಡಿನಲ್ಲಿಯೂ ನಟರು ಒಂದು ಕಾಲಕ್ಕೆ ಊರ ಹೊರಗಿನವರೇ ಆಗಿದ್ದರು. 1572ರ ಶಾಸನವೊಂದು, ದೊಡ್ಡ ಸರದಾರರ ಆಶ್ರಯವಿಲ್ಲದ ನಟರನ್ನು ಅಲೆಮಾರಿಗಳ ಹಾಗೂ ಪೋಕರಿಗಳ ಸಾಲಿಗೆ ಸೇರಿಸಿತು. 1576ರಲ್ಲಿ ಜೇಮ್ಸ್ ಬರ್ಬೇಜನು ನಾಟಕಶಾಲೆಯನ್ನು ಕಟ್ಟಿಸಿದ್ದು ಲಂಡನ್ ನಗರಸಭೆಯ ಅಧಿಕಾರ ನಡೆಯದ ಹೊರವಲಯದಲ್ಲಿ. 1599ರಲ್ಲಿ ಷೇಕ್ಸ್‌ಪಿಯರನ ಗ್ಲೋಬ್ ರಂಗಮಂದಿರವು ಎದ್ದುದೂ ಥೇಮ್ಸ್ ನದಿಯ ಆಚೆಯ ದಡದಲ್ಲಿಯೇ. ಆದರೆ ಆ ಹೊರವಲಯಕ್ಕೆ ನಗರದವರು ದಿನದಿನವೂ ದೋಣಿ ಹತ್ತಿ, ಪೆನ್ನಿ ಕೊಟ್ಟು ಬರುತ್ತಿದ್ದರು. ನಟರಿಗೆ ಒಂದೇ ಸ್ಥಳದಲ್ಲಿ ನೆಲೆ ನಿಲ್ಲುವಷ್ಟು ಆದಾಯವಾಯಿತು. ನೆಲೆ ನಿಂತವರಿಗೆ ಮಾನವೂ ಕ್ರಮೇಣ ಬಂದಿತು. ನಮ್ಮ ಗೊಂಬೆಯವರಿಗೆ ಹಾಗಾಗಲಿಲ್ಲ. ಒಂದು ಬರಡು ಸೀಮೆಯ ಹಳ್ಳಿಯು ಒಂದು ಮೇಳವನ್ನು ಎಷ್ಟು ದಿನ ಸಾಕಬಲ್ಲುದು? ಎರಡು ರಾತ್ರಿ, ಹೆಚ್ಚೆಂದರೆ ಮೂರು. ಮತ್ತೆ ಗುಡಾರ ಕಿತ್ತು ಹೊರಡಬೇಕು. ಬಡತನ ಅಲೆದಾಟಕ್ಕೆ ಕಾರಣ. ಅಲೆದಾಟ ಅಗೌರವಕ್ಕೆ ಕಾರಣ. ಅಗೌರವವು ಮತ್ತೆ ಬಡತನಕ್ಕೆ ಕಾರಣ.

ನಮ್ಮ ಕಾಲಕ್ಕೆ ಇನ್ನೂ ಹತ್ತಿರವಾದ ಮತ್ತೊಂದು ಉದಾಹರಣೆಯು ದಕ್ಷಿಣ ಆಫ್ರಿಕದ್ದು. ಅಲ್ಲಿ ಬಿಳಿಯರನ್ನೂ ಕರಿಯರನ್ನೂ ಶಾಸನದಿಂದಲೇ ಬೇರ್ಪಡಿಸಿದ್ದರು. ಒಂದೇ ನಾಟಕಶಾಲೆಯಲ್ಲಿ ಒಟ್ಟಿಗೆ ಕುಳಿತುಕೊಳ್ಳುವುದಕ್ಕೂ ಅಡ್ಡಿ. 1972ರ ಮಾರ್ಚಿಯಲ್ಲಿ ಕೇಪ್‌ಟೌನ್ ನಗರದಲ್ಲಿ ಬ್ರಯನ್ ಆಸ್ಟ್‌ಬರಿ, ಯುವಾನ್ ಬ್ರೈಸ್‌ಲೆಂಡ್, ಎಥೊಲ್ ಫ್ಯೂಗಾರ್ಡ್ ಮೊದಲಾದವರು ಸೇರಿ ‘ಸ್ಪೇಸ್’ ಎಂಬ ಸಣ್ಣ ರಂಗಮಂದಿರವನ್ನು ತೆರೆದರು. ಅದಕ್ಕೆ ಖಾಸಗಿ ಸಂಘದ ರೂಪವನ್ನು ಕೊಟ್ಟು, ಶಾಸನದ ಸಂದಿನಲ್ಲಿ ನುಸುಳಿ, ಎಲ್ಲ ಬಣ್ಣದವರೂ ಒಂದೇ ಸೂರಿನ ಕೆಳಗೆ ಕುಳಿತು ನೋಡುವಂತೆ ಮಾಡಿದರು. ಫ್ಯೂಗಾರ್ಡ್, ಜಾನ್ ಕಾನಿ, ವಿನ್‌ಸ್ಟನ್ ನ್ಚೋನ ಈ ಮೂವರು ಕೂಡಿ ರಚಿಸಿದ ‘ಸಿಜ್ವೆ ಬಾನ್ಸಿ ಸತ್ತಿದ್ದಾನೆ’ ಎಂಬ ನಾಟಕವು ಅದೇ ವರುಷ ಅಲ್ಲಿಯೇ ಮೊದಲು ಪ್ರಯೋಗವಾಯಿತು. ಕರಿಯನು ಸದಾ ಜೇಬಿನಲ್ಲಿಟ್ಟುಕೊಳ್ಳಬೇಕಾಗಿದ್ದ ರಹದಾರಿಯ ಪುಸ್ತಕವೇ ಅದರ ವಸ್ತು. ಬದುಕಿ ಉಳಿಯುವ ಸಲುವಾಗಿ ಒಬ್ಬನು ತನ್ನ ಹೆಸರನ್ನು ಬಿಟ್ಟು ಸತ್ತವನ ಹೆಸರನ್ನು ಧರಿಸುವುದೇ ಅದರ ಕಥೆ. ಕರಿಯನಿಗೆ ನಟನೆಂಬ ವೃತ್ತಿಯನ್ನು ಆ ದೇಶದ ಕಾನೂನು ಒಪ್ಪದೆ ಇದ್ದುದರಿಂದ ಕಾನಿ, ನ್ಚೋನ ಇಬ್ಬರನ್ನೂ ಕಾಗದಪತ್ರಗಳಲ್ಲಿ ಫ್ಯೂಗಾರ್ಡನ ಮನೆಯ ಆಳುಗಳೆಂದು ಬರೆಸಬೇಕಾಯಿತು. ಮುಂದೆ 1975ರಲ್ಲಿ ಇದೇ ಇಬ್ಬರಿಗೆ ನ್ಯೂಯಾರ್ಕಿನಲ್ಲಿ ಶ್ರೇಷ್ಠನಟರ ಟೋನಿ ಪ್ರಶಸ್ತಿಯು ಒಟ್ಟಾಗಿ ದೊರೆಯಿತು.

ಸ್ಪೇಸ್ ರಂಗಮಂದಿರದವರು ಅಂಚಿನಲ್ಲಿ ನಿಲ್ಲುವುದನ್ನು ತಾವಾಗಿ ಆರಿಸಿಕೊಂಡರು. ಅವರ ಉದ್ದೇಶವೇ ಬೇಲಿಯನ್ನು ಮುರಿಯುವುದಾಗಿದ್ದಿತು. ನಮ್ಮ ಸಿಳ್ಳೇಕ್ಯಾತರನ್ನು ಅಂಚಿನಲ್ಲಿ ಇಟ್ಟವರು ನಾವು. ಆದುದರಿಂದ ಅವರ ಆಟವು ಬೇಲಿಯ ಮೇಲಿಂದ ನಗೆಯನ್ನು ಎಸೆಯಿತೇ ಹೊರತು ಬೇಲಿಯನ್ನು ಕೀಳಲಾರದೆ ಹೋಯಿತು. ಇರುಳೆಲ್ಲ ಕಿಳ್ಳೇಕ್ಯಾತನ ಮಾತಿಗೆ ನಕ್ಕ ಊರು, ಬೆಳಗಾಗುತ್ತಲೇ ಹಿಂದಿನ ಊರೇ ಆಗಿರುತ್ತಿದ್ದಿತು. ನೋಡುವವರು ಕುಳಿತಿದ್ದುದೂ ತಮ್ಮ ತಮ್ಮ ಅಂತಸ್ತಿಗೆ ತಕ್ಕಂತೆ, ಕೇರಿಯವರು ದೂರದಲ್ಲಿ.

ಕಂಪೆನಿ ನಾಟಕವು ಈ ವಿಷಯದಲ್ಲಿ ಒಂದು ಹೊಸ ನಿಯಮವನ್ನು ತಂದಿತು. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪೆನಿಯನ್ನಾಗಲಿ, ಗದಗಿನ ಗರುಡ ಸದಾಶಿವರಾಯರ ಮಂಡಳಿಯನ್ನಾಗಲಿ ನೆನೆದುಕೊಳ್ಳಿರಿ. ಅಲ್ಲಿ ಸ್ಥಳವನ್ನು ನಿರ್ಣಯಿಸುವುದು ಟಿಕೀಟು: ನೆಲ, ಬೆಂಚು, ಕುರ್ಚಿ. ಹಣದ ಭೇದವು ಒಳ್ಳೆಯ ಭೇದವೆಂದು ನಾನು ಹೇಳುವುದಿಲ್ಲ. ಆದರೆ ಟಿಕೀಟು ಹರಿಯುವವನು ಬೆಲೆಯನ್ನು ಕೇಳುವನೇ ಹೊರತು ಕುಲವನ್ನು ಕೇಳುವುದಿಲ್ಲ. ಸಿನಿಮಾ ಮಂದಿರವು ಅದೇ ನಿಯಮವನ್ನು ಪಟ್ಟಣ ಪಟ್ಟಣಕ್ಕೂ ಒಯ್ದಿತು. ಇಷ್ಟರಿಂದಲೇ ಜಾತಿಯ ಬೇಲಿ ತಾನಾಗಿ ಬೀಳುವುದೆಂದು ನಂಬಿದವರು ಉಂಟು. ಅವರು ನಮ್ಮ ಗಂಗಾವತಿ ಸೀಮೆಯ ಒಂದು ಸಂಗತಿಯನ್ನು ಮನಸ್ಸಿಗೆ ತಂದುಕೊಳ್ಳಬೇಕು. 2014ರ ಆಗಸ್ಟಿನ ಕೊನೆಯಲ್ಲಿ ಗಂಗಾವತಿಯ ಸಿನಿಮಾ ಮಂದಿರದಲ್ಲಿ ಹುಟ್ಟಿದ ಜಗಳವೊಂದು, ಮರಕುಂಬಿ ಎಂಬ ಹಳ್ಳಿಯ ದಲಿತರ ಮನೆಗಳಿಗೆ ಬೆಂಕಿಯಿಡುವವರೆಗೆ ಬೆಳೆಯಿತು. ಅಲ್ಲಿ ದಲಿತರಿಗೆ ಕ್ಷೌರದಂಗಡಿಯನ್ನೂ ಹೋಟಲನ್ನೂ ನಿರಾಕರಿಸಿದ್ದ ಹಗೆ ಮೊದಲೇ ಹೊಗೆಯಾಡುತ್ತಿದ್ದಿತು. 2024ರ ಅಕ್ಟೋಬರ್ 24ರಂದು ಕೊಪ್ಪಳದ ಜಿಲ್ಲಾ ನ್ಯಾಯಾಲಯವು 98 ಮಂದಿಗೆ ಜೀವಾವಧಿ ಶಿಕ್ಷೆಯನ್ನು ವಿಧಿಸಿತು. ಮರು ತಿಂಗಳಿನಲ್ಲಿ ಉಚ್ಚ ನ್ಯಾಯಾಲಯವು ಅವರಲ್ಲಿ ಬಹುಮಂದಿಗೆ ಮೇಲ್ಮನವಿಯ ಕಾಲದಲ್ಲಿ ಜಾಮೀನನ್ನು ಕೊಟ್ಟಿತು. ಕುಷ್ಟಗಿ ತಾಲ್ಲೂಕಿನ ಮಿಯಾಪುರದಲ್ಲಿ 2021ರ ಸೆಪ್ಟೆಂಬರಿನಲ್ಲಿ ದಲಿತರ ಒಂದು ಎಳೆಯ ಕೂಸು ಹನುಮಂತನ ಗುಡಿಯೊಳಕ್ಕೆ ಓಡಿಹೋಯಿತೆಂದು, ಶುದ್ಧಿಯ ಖರ್ಚಿನ ಹೆಸರಿನಲ್ಲಿ ಆ ಕುಟುಂಬದಿಂದ ಇಪ್ಪತ್ತು ಸಾವಿರಕ್ಕೂ ಮಿಕ್ಕ ದಂಡವನ್ನು ಕೇಳಿದರು. ಒಂದೇ ಚಿತ್ರವನ್ನು ಒಂದೇ ಕತ್ತಲೆಯಲ್ಲಿ ನೋಡಿದ ಮಾತ್ರಕ್ಕೆ ಜನರು ನೆರೆಹೊರೆಯವರಾಗುವುದಿಲ್ಲ.

ಬೇಲಿಯನ್ನೇ ವಸ್ತುವಾಗಿ ಮಾಡಿಕೊಂಡ ನಾಟಕವು ಕನ್ನಡದಲ್ಲಿ ಬರಲಿಲ್ಲವೇ ಎಂದರೆ, ಬಂದಿತು. 1975ರಲ್ಲಿ ಬೆಂಗಳೂರಿನಲ್ಲಿ ಪ್ರಸನ್ನ ಮೊದಲಾದವರು ಕಟ್ಟಿದ ‘ಸಮುದಾಯ’ ಸಂಘವು 1979ರಲ್ಲಿ ಜಾಥಾ ಹೊರಟು ನಾಡಿನುದ್ದಕ್ಕೂ ಬೀದಿನಾಟಕಗಳನ್ನು ಆಡಿತು. ಬಿಹಾರದ ಬೆಲ್ಚಿ ಎಂಬ ಹಳ್ಳಿಯಲ್ಲಿ 1977ರಲ್ಲಿ ನಡೆದ ದಲಿತರ ಕಗ್ಗೊಲೆಯನ್ನು ಕುರಿತು ಸಿ. ಜಿ. ಕೃಷ್ಣಸ್ವಾಮಿಯವರು ರೂಪಿಸಿದ ‘ಬೆಲ್ಚಿ’ ಅವುಗಳಲ್ಲಿ ಪ್ರಸಿದ್ಧವಾದುದು. ಅದಕ್ಕೆ ಪರದೆಯಿಲ್ಲ, ಅಟ್ಟವಿಲ್ಲ, ಟಿಕೀಟಿಲ್ಲ, ಬೀದಿಯೇ ರಂಗ. ವಿದ್ಯಾವಂತರಾದ ಈ ಯುವಕರು ಹೊಸದೆಂದು ಕಂಡುಕೊಂಡ ಬಯಲು ರಂಗವು ಸಿಳ್ಳೇಕ್ಯಾತರಿಗೆ ತಲೆಮಾರುಗಳ ಬಳುವಳಿ. ಇವರಿಗೆ ಹಿಂದಿರುಗಲು ನಗರದಲ್ಲಿ ಮನೆಗಳಿದ್ದುವೆಂಬುದೊಂದೇ ವ್ಯತ್ಯಾಸ. ಇದನ್ನು ಆಕ್ಷೇಪಣೆಗಾಗಿ ಹೇಳುತ್ತಿಲ್ಲ. ಸತ್ಯವನ್ನು ನೇರವಾಗಿ ನುಡಿಯಲು ಹಿಂದೆ ಒಂದು ಆಧಾರವಿರಬೇಕು. ಆ ಆಧಾರವಿಲ್ಲದವನು ಹಾಸ್ಯದ ಮರೆಯಲ್ಲಿಯೇ ನುಡಿಯಬೇಕಾಗುವುದು.

ಗೊಂಬೆಯಾಟವು ಕ್ಷೀಣಿಸಿದುದಕ್ಕೆ ಸಿನಿಮಾ, ದೂರದರ್ಶನಗಳು ಕಾರಣವೆಂದು ಸಾಮಾನ್ಯವಾಗಿ ಹೇಳುವರು. ಅದು ನಿಜವೇ, ಆದರೆ ಈ ಸೀಮೆಗೆ ಮತ್ತೊಂದು ಕಾರಣವೂ ಇರಬಹುದೆಂದು ನನ್ನ ಊಹೆ. 1945ರಲ್ಲಿ ಕೆಲಸ ಆರಂಭವಾಗಿ 1953ರಲ್ಲಿ ಪೂರೈಸಿದ ತುಂಗಭದ್ರೆಯ ಅಣೆಕಟ್ಟಿನ ಒಂದು ಪಕ್ಕವು ಕೊಪ್ಪಳ ತಾಲ್ಲೂಕಿನ ಮುನಿರಾಬಾದಿಗೆ ತಗುಲಿಕೊಂಡಿದೆ. ಅದರ ಎಡದಂಡೆಯ ಕಾಲುವೆಯು ಗಂಗಾವತಿಯ ಬಯಲನ್ನು ಭತ್ತದ ಕಣಜವನ್ನಾಗಿ ಮಾಡಿತು. ನೀರು ಕಾಲುವೆಯಲ್ಲಿ ಬರುವಾಗ ಮಳೆಗಾಗಿ ವಿರಾಟಪರ್ವವನ್ನು ಆಡಿಸುವವರು ಯಾರು? ಕುಷ್ಟಗಿ, ಯಲಬುರ್ಗಾಗಳ ಬಹುಭಾಗವು ಮಳೆಯನ್ನೇ ನಂಬಿ ಉಳಿಯಿತು. ಅಲ್ಲಿಯ ರೈತನಾದರೋ ದುಡಿಮೆಗಾಗಿ ಊರು ಬಿಡತೊಡಗಿದನು. ಒಂದು ಕಡೆ ಬೇಡಿಕೆ ಹೋಯಿತು, ಮತ್ತೊಂದು ಕಡೆ ನೋಡುವವರೇ ಹೋದರು. ನೀರಾವರಿಯನ್ನು ದೂರುವುದು ಮೂರ್ಖತನ. ಅನ್ನ ಕೊಟ್ಟ ಕಾಲುವೆಯದು. ಆದರೆ ಬರಗಾಲದ ಭಯದ ಮೇಲೆ ನಿಂತಿದ್ದ ಕಲೆಗೆ, ಭಯ ಹೋದ ಮೇಲೆ ಬೇರೆ ಆಧಾರವನ್ನು ನಾವು ಕಟ್ಟಿಕೊಡಲಿಲ್ಲ.

ಕೆಲವರು ಕಣ್ಣು ತೆರೆದರು. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಎಂ. ಎಸ್. ನಂಜುಂಡರಾಯರು ಊರೂರು ತಿರುಗಿ ಹಳೆಯ ಗೊಂಬೆಗಳನ್ನು ಸಂಗ್ರಹಿಸಿ ಕಾಪಾಡಿದರು. ನೆರೆಯ ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ಪುರಾಣದ ಗೊಂಬೆಗಳ ಜೊತೆಗೆ ಗಾಂಧೀಜಿಯ ಗೊಂಬೆಯನ್ನೂ ಕೆತ್ತಿಸಿ, ಸ್ವಾತಂತ್ರ್ಯ ಸಂಗ್ರಾಮದ ಕಥೆಯನ್ನು ಪರದೆಗೆ ತಂದರು; 2023ರ ಏಪ್ರಿಲಿನಲ್ಲಿ ರಸ್ತೆಯ ಅಪಘಾತದಲ್ಲಿ ತೀರಿಕೊಂಡರು. ಕೊಪ್ಪಳ ತಾಲ್ಲೂಕಿನ ಮೊರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರ ಹೆಸರನ್ನು ನೀವೆಲ್ಲರೂ ಕೇಳಿದ್ದೀರಿ. ಹದಿನಾಲ್ಕರ ವಯಸ್ಸಿನಿಂದ ಎಪ್ಪತ್ತು ವರುಷಕ್ಕೂ ಹೆಚ್ಚು ಕಾಲ ಗೊಂಬೆಯಾಡಿಸಿ, ಹನ್ನೆರಡಕ್ಕೂ ಮಿಕ್ಕ ದೇಶಗಳನ್ನು ಸುತ್ತಿ ಬಂದ ಈ ತಾಯಿಗೆ 2025ರಲ್ಲಿ, ತೊಂಬತ್ತಾರನೆಯ ವಯಸ್ಸಿನಲ್ಲಿ, ಭಾರತ ಸರ್ಕಾರವು ಪದ್ಮಶ್ರೀ ಪ್ರಶಸ್ತಿಯನ್ನಿತ್ತು ಗೌರವಿಸಿತು. ಜನಾಂಗವನ್ನು ಅಣಕಿಸಲು ಬಳಸುತ್ತಿದ್ದ ಹೆಸರನ್ನು ಮನೆತನದ ಹೆಸರಾಗಿ ಧರಿಸಿದ ಹೆಣ್ಣುಮಗಳೊಬ್ಬಳು ಅದೇ ಹೆಸರಿನಿಂದ ರಾಷ್ಟ್ರಪತಿಯ ಭವನವನ್ನು ಪ್ರವೇಶಿಸಿದಳೆಂಬುದು ಸಾಮಾನ್ಯವಾದ ಸಂಗತಿಯಲ್ಲ.

ಆದರೂ ಒಂದು ಪ್ರಶ್ನೆ ಉಳಿಯುವುದು. ಗೊಂಬೆಯನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡುವುದು ಸುಲಭ. ಗೊಂಬೆಯಾಡಿಸುವವನನ್ನು ಮನೆಯ ಜಗಲಿಯ ಮೇಲೆ ಕೂರಿಸುವುದು ಕಷ್ಟ. ಕಲೆಯನ್ನು ಹೊಗಳಿ ಕಲಾವಿದನನ್ನು ಹೊರಗಿಡುವ ವಿದ್ಯೆಯಲ್ಲಿ ನಾವು ನುರಿತವರು. ಪರದೆಯ ಮುಂದೆ ಕುಳಿತವನಿಗೆ ರಾಮನು ಕಾಣುವನು, ರಾಮನನ್ನು ಹಿಡಿದ ಕೈ ಕಾಣುವುದಿಲ್ಲ. ಅದು ಆಟದ ನಿಯಮ. ಆಟ ಮುಗಿದ ಮೇಲೂ ಕೈಯನ್ನು ಕಾಣದಿರುವುದು ನಮ್ಮ ನಿಯಮ. ಮೊದಲನೆಯದು ಇರಲಿ, ಎರಡನೆಯದು ಹೋಗಬೇಕು.

ಹೋಗಬೇಕಾದರೆ ಏನು ಮಾಡಬೇಕು? ದೊಡ್ಡ ಯೋಜನೆಗಳನ್ನು ನಾನು ಬಲ್ಲವನಲ್ಲ. ಉಪಾಧ್ಯಾಯನಿಗೆ ತೋರುವ ಎರಡು ಮಾತುಗಳನ್ನಷ್ಟೇ ಹೇಳುತ್ತೇನೆ. ನಮ್ಮ ಶಾಲೆಗಳೂ ಕಾಲೇಜುಗಳೂ ವರುಷಕ್ಕೊಂದು ರಾತ್ರಿ ಗೊಂಬೆಯ ಮೇಳವನ್ನು ಕರೆಸಲಿ. ಕೈಯೆತ್ತಿ ಕೊಡುವ ದಾನವಾಗಿ ಅಲ್ಲ, ಸಂಗೀತ ವಿದ್ವಾಂಸರಿಗೆ ಕೊಡುವಂತೆ ಮುಂದಾಗಿ ನಿಶ್ಚಯಿಸಿದ ಸಂಭಾವನೆಯನ್ನು ಕೊಡಲಿ. ಆ ರಾತ್ರಿ ಊರಿನವರು, ಕೇರಿಯವರು, ಗುಡಾರದವರು ಒಂದೇ ಚಾಪೆಯ ಮೇಲೆ ಕೂರಲಿ. ಆಟ ಮುಗಿದ ಮೇಲೆ ಒಂದೇ ಪಂಕ್ತಿಯಲ್ಲಿ ಊಟಮಾಡಲಿ. ನೀರನ್ನು ಲೋಟದಲ್ಲಿ, ಕೈಯಿಂದ ಕೈಗೆ ಕೊಡಲಿ. ಇಷ್ಟರಿಂದ ಎಲ್ಲವೂ ಸರಿಹೋಗುವುದೇ ಎಂದು ಕೇಳಿದರೆ, ಇಲ್ಲವೆನ್ನಬೇಕು. ಆದರೆ ಇಷ್ಟನ್ನೂ ಮಾಡದೆ ಉಳಿದುದನ್ನು ಮಾಡಿದೆವೆನ್ನುವುದು ಬರಿಯ ಮಾತಾಗುವುದು.

ಕೊಪ್ಪಳದ ಗವಿಮಠದ ಬಂಡೆಯ ಮೇಲೆ ಎರಡು ಸಾವಿರದ ಇನ್ನೂರು ವರುಷಗಳ ಹಿಂದಿನ ಅಶೋಕನ ಶಾಸನವುಂಟು. ಉನ್ನತವಾದ ಫಲವು ದೊಡ್ಡವರಿಗೆ ಮಾತ್ರ ಮೀಸಲಾದುದಲ್ಲ, ಚಿಕ್ಕವನೂ ಸಾಧನೆಯಿಂದ ಅದನ್ನು ಪಡೆಯಬಲ್ಲನೆಂಬುದು ಅದರ ಅಭಿಪ್ರಾಯ. ಅದೇ ಸೀಮೆಯ ಮೊರನಾಳದ ಮುದುಕಿಯೊಬ್ಬಳು ಆ ಮಾತನ್ನು ತನ್ನ ಬಾಳಿನಿಂದ ನಿಜಮಾಡಿ ತೋರಿಸಿದಳು. ಚಿಕ್ಕವರು ತಮ್ಮ ಪಾಲಿನ ಸಾಧನೆಯನ್ನು ಮಾಡಿದ್ದಾರೆ. ಇನ್ನು ಊರಿನ ಸರದಿ.